ಗೇಟಿನ ಬಳಿ ಪುಸ್ತಕದ ಕಪಾಟು: ಕ್ರೈಸ್ತ ಪುಸ್ತಕಗಳನ್ನು ಉಚಿತವಾಗಿ ಕೊಡುವ ನನ್ನ ಕ್ರಮ

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಪಣಂಬೂರು ಬೀಚಿನಲ್ಲಿ ಚರ್ಮುರಿ ತಗೊಂಡೆ. ತಿಂದು ಮುಗಿಸಿ ಕಾಗದ ಬಿಚ್ಚಿದರೆ, ನಾವೇ ಹಂಚಿದ ಕರಪತ್ರ! ಹಿಂದಿನ ವಾರವಷ್ಟೇ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಾವು ಆರು ಜನ ನಿಂತು ಕಂಡಕಂಡವರ ಕೈಗೆ ತುರುಕಿದ್ದೆವು. ಬೈಬಲಿನ ವಚನ ಯೋಹಾನ 3:16ರ ಮೇಲೆ ಎಣ್ಣೆ, ಈರುಳ್ಳಿ. ಚರ್ಮುರಿಯವನದೇನೂ ತಪ್ಪಿಲ್ಲ. ಬೇಡದವರಿಗೆ ಕೊಟ್ಟವರು ನಾವಲ್ವಾ? ಅಂದಿನಿಂದ ರಸ್ತೆಯಲ್ಲಿ ಹಂಚುವುದು ನಿಲ್ಲಿಸಿದೆ. ಈಗ ಪುಸ್ತಕ ನಮ್ಮ ಗೇಟಿನ ಬಳಿ ಇರುತ್ತದೆ, ಬೇಕಾದವರು ತಗೊಳ್ಳುತ್ತಾರೆ.

ನಮ್ಮ ಮನೆಯೂ ಮಂಗಳೂರಿನಲ್ಲೇ, ಬಲ್ಮಠದಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1841ರಲ್ಲಿ ಪ್ರೆಸ್ ಶುರು ಮಾಡಿದ ಊರು ಇದು. ನಮ್ಮಜ್ಜ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಹಾಗಾಗಿ ಪುಸ್ತಕ ಹಾಳಾಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು ಕಪಾಟಿನ ವಿಷಯ. ಅಡುಗೆಮನೆಯ ಹಳೆ ಗಾಜಿನ ಕಪಾಟು ಸಾಕು. ಮೇಲೆ ಶೀಟ್ ಹೊಡೆಸಿ, ಮುಂದಕ್ಕೆ ಒಂದಡಿ ಚಾಚಿರಲಿ. ಕಾಲುಗಳು ಮಣ್ಣಿನಲ್ಲಿ ಊರಬಾರದು, ಕೆಂಪುಕಲ್ಲಿನ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ನಿಮಗಿಂತ ಮೊದಲು ಒರಲೆ ಓದಿ ಮುಗಿಸುತ್ತದೆ. ಬೀಗ ಬೇಡ. ಎರಡು ಸಲ ಯಾರೋ ಇಡೀ ಸಾಲನ್ನೇ ಎತ್ತಿಕೊಂಡು ಹೋಗಿದ್ದಾರೆ. ಗುಜರಿಗೆ ಹಾಕಿರಬಹುದು. ಹೋಗಲಿ. ಆಮೇಲಿಂದ ಒಂದು ಪುಸ್ತಕದ ಎರಡು ಪ್ರತಿಗಿಂತ ಜಾಸ್ತಿ ಇಡುವುದಿಲ್ಲ.

ಏನು ಇಡಬೇಕು? ದಪ್ಪ ಬೈಬಲನ್ನೇ ಮೊದಲು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹೊಸಬರು ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿ ಮೂರನೆಯದಾದ ಯಾಜಕಕಾಂಡಕ್ಕೆ ಬರುವಾಗ ಸುಸ್ತಾಗುತ್ತಾರೆ. ಮಾರ್ಕನ ಸುವಾರ್ತೆ ಒಂದನ್ನೇ ಕೊಡಿ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಬರೀ 16 ಅಧ್ಯಾಯ. ನಮ್ಮ ಓಣಿಯ ರಿಕ್ಷಾದವರು ಬಾಡಿಗೆ ಇಲ್ಲದ ಒಂದು ಮಧ್ಯಾಹ್ನದಲ್ಲೇ ಓದಿ ಮುಗಿಸಿದರು. ಕಥೆ ಬೇಡ, ಬುದ್ಧಿಮಾತು ಸಾಕು ಎನ್ನುವವರಿಗೆ ಬೈಬಲಿನದೇ ಜ್ಞಾನೋಕ್ತಿಗಳು ಪುಸ್ತಕ. ಅದರಲ್ಲಿ 31 ಅಧ್ಯಾಯ, ತಿಂಗಳಿಗೆ ಸರಿಯಾಗಿ ಉಂಟು. ಅಜ್ಜ-ಅಜ್ಜಿಯರಿಗಾಗಿ ದೊಡ್ಡ ಅಕ್ಷರದ್ದು ಒಂದೆರಡು ತೆಗೆದಿಟ್ಟಿರಿ.

ಕಥೊಲಿಕರು ಕೇಳಿದರೆ ನಾನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಬೈಬಲಿನಲ್ಲಿ 73 ಪುಸ್ತಕ, ಇದು ಪ್ರೊಟೆಸ್ಟಂಟರದ್ದು, ಇದರಲ್ಲಿ 66 ಮಾತ್ರ. ಸುಮ್ನೆ ಕೊಟ್ಟು ಆಮೇಲೆ ಅವರು "ಏಳು ಎಲ್ಲಿ ಹೋಯ್ತು ಟೀಚರೇ?" ಎಂದು ಕೇಳುವಂತಾಗಬಾರದು.

ಹಳೆ ಪುಸ್ತಕಗಳನ್ನು ಕಣ್ಣು ಮುಚ್ಚಿ ಇಡಬೇಡಿ. ಮನೆ ಖಾಲಿ ಮಾಡುವವರು ಚೀಲಗಟ್ಟಲೆ ತಂದು ಸುರಿಯುತ್ತಾರೆ. ಬೂಷ್ಟು ಹಿಡಿದದ್ದನ್ನು ಮೊದಲು ಬೇರೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಉಳಿದವನ್ನು ಪುಟ ಪುಟವಾಗಿ ತಿರುಗಿಸಿ. ಅಜ್ಜಿಯ ಕನ್ನಡಕದ ಚೀಟಿ, ಒಣಗಿದ ಹೂವು, ಒಮ್ಮೆ ನೂರರ ನೋಟು ಕೂಡ ಸಿಕ್ಕಿದೆ. ಮುಖ್ಯವಾಗಿ ಮೊದಲ ಖಾಲಿ ಹಾಳೆ ನೋಡಿ. ಹಿಂದಿನವರು ಮಕ್ಕಳ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಬೈಬಲಿನಲ್ಲೇ ಬರೆದಿಡುತ್ತಿದ್ದರು. ಹೀಗೆ ಬಂದ ಒಂದು ಬೈಬಲಿನಲ್ಲಿ ನಾಲ್ಕು ಮಕ್ಕಳ ಹೆಸರು, ಮೂರರ ಮುಂದೆ ಸತ್ತ ತಾರೀಕು. ಶಾಯಿ ಕಂದಾಗಿತ್ತು. ಅದನ್ನು ಕಪಾಟಿಗೆ ಇಡಲು ಮನಸ್ಸಾಗಲಿಲ್ಲ. ತಂದವರಿಗೇ ಫೋನ್ ಮಾಡಿದೆ. ಉಳಿದ ನಾಲ್ಕನೆಯ ಮಗು ಅವರ ಅಮ್ಮ. ಅದೇ ಸಂಜೆ ಬಂದು ತಗೊಂಡು ಹೋದರು.

ಇಡುವ ಪ್ರತಿ ಪುಸ್ತಕಕ್ಕೂ "ಉಚಿತ, ಮಾರಾಟಕ್ಕಲ್ಲ" ಎಂದು ಸೀಲ್ ಹಾಕಿ. ಅದರ ಕೆಳಗೆ ಕೊಟ್ಟವರ ಫೋನ್ ನಂಬರ್. ತಗೊಂಡವರ ನಂಬರ್ ಮಾತ್ರ ಕೇಳಬೇಡಿ. ದಾರಿಯಲ್ಲಿ ಸಿಕ್ಕಾಗ "ಓದಿದ್ರಾ?" ಎಂದೂ ಕೇಳಬೇಡಿ. ಹಾಗೆ ಕೇಳಿ ನಾನು ಒಬ್ಬರನ್ನು ಕಳಕೊಂಡೆ. ಈಗಲೂ ಅವರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಆಸ್ಪತ್ರೆ ವಾರ್ಡು, ಶಾಲೆಯ ಗೇಟು ಬೇಡವೇ ಬೇಡ. ಮಕ್ಕಳು ಬಂದರೆ ಅಪ್ಪ-ಅಮ್ಮನನ್ನು ಕರಕೊಂಡು ಬರಲು ಹೇಳಿ. ಪುಸ್ತಕದ ಜೊತೆ ಅಕ್ಕಿ, ಔಷಧಿ, ದುಡ್ಡು ಏನನ್ನೂ ಸೇರಿಸಬೇಡಿ. 2022ರಲ್ಲಿ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತ್ತು. ಕಾಯ್ದೆಯ ಮಾತು ಬಿಡಿ, ಅಕ್ಕಿಯ ಜೊತೆ ಬಂದ ಪುಸ್ತಕವನ್ನು ಯಾರಾದರೂ ಓದಲೆಂದು ತಗೊಳ್ಳುತ್ತಾರಾ? ಪಕ್ಕದ ಮನೆಯವರಿಗೆ ಕಪಾಟು ಇಡುವ ಮೊದಲೇ ಹೇಳಿ. ನಮ್ಮ ಪಕ್ಕದ ಭಟ್ರು ಒಂದು ವಾರ ಮುಖ ಊದಿಸಿಕೊಂಡಿದ್ದರು. ಈಗ ಮಳೆ ಬಂದರೆ ಕಪಾಟಿನ ಬಾಗಿಲು ಮುಚ್ಚುವವರು ಅವರೇ.

ಬೈಂದೂರು, ಸುಳ್ಯದಿಂದ ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತೇನೆ. 2025ರ ಮೇ 1ರಿಂದ ಪುಸ್ತಕ ಕಳಿಸಲೆಂದೇ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಸೇವೆ ಶುರುವಾಗಿದೆ, ಧಾರ್ಮಿಕ ಪುಸ್ತಕಕ್ಕೂ ನಡೆಯುತ್ತದೆ. ಶುರುವಾದಾಗ 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ 100 ರೂಪಾಯಿ, ತೆರಿಗೆ ಬೇರೆ. ಕಟ್ಟಿನ ಮೇಲೆ "ಜ್ಞಾನ ಪೋಸ್ಟ್" ಎಂದು ಬರೆಯಲು ಮರೆಯಬೇಡಿ. ಒಳಗೆ ಖಾಸಗಿ ಪತ್ರ ಇಡುವ ಹಾಗಿಲ್ಲ.

ಮೇ ಕೊನೆಗೆ ಕಪಾಟು ಖಾಲಿ ಮಾಡಿ ಪುಸ್ತಕಗಳನ್ನೆಲ್ಲ ಒಳಗಿಡುತ್ತೇನೆ. ನಮ್ಮೂರ ಮಳೆಗೆ ಗಾಜಿನ ಬಾಗಿಲು ಯಾವ ಲೆಕ್ಕ? "ಪುಸ್ತಕ ಒಳಗುಂಟು, ಬೆಲ್ ಒತ್ತಿ" ಎಂದು ಬೋರ್ಡ್ ತೂಗಿಸುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ಒತ್ತಬೇಡಿ ಎಂದೂ ಬರೆದಿದ್ದೇನೆ, ನನಗೂ ನಿದ್ದೆ ಬೇಕಲ್ವಾ.