ಎರಡು ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ ಹೋಲಿಸುವಾಗ ಎಸ್‌ಯುವಿ ಓದುವುದು ಹೇಗೆ?

ನಾನು ಹುಬ್ಬಳ್ಳಿಯಲ್ಲಿ ಪೆಟ್ ಸ್ಕ್ಯಾನ್ ಟೆಕ್ನಿಷಿಯನ್. ಹೋದ ತಿಂಗಳು ನರಗುಂದದ ಕಡೆಯ ರೈತರೊಬ್ಬರು ಎರಡು ರಿಪೋರ್ಟ್ ಹಿಡಿದು ಬಂದರು. ಪ್ರಾಸ್ಟೇಟ್ ಕ್ಯಾನ್ಸರ್. ಈ ಸ್ಕ್ಯಾನಿಗೆ ಮೊದಲು ಟ್ರೇಸರ್ ಇಂಜೆಕ್ಷನ್ ಕೊಡುತ್ತೇವೆ; ಅದು ಈ ಕ್ಯಾನ್ಸರ್ ಕೋಶಗಳ ಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟಿಕೊಂಡು ಚಿತ್ರದಲ್ಲಿ ಹೊಳೆಯುವ ವಿಕಿರಣ ಔಷಧಿ. ಚಿಕಿತ್ಸೆ ಆದ ಮೇಲೆ ಮೂಳೆಯಲ್ಲಿದ್ದ ಗಡ್ಡೆಗಳು ಬಹಳಷ್ಟು ಕಾಣದಾಗಿದ್ದವು. ಆದರೆ ಉಳಿದ ಒಂದರ ಎಸ್‌ಯುವಿ, ಅಂದರೆ ಆ ಜಾಗ ಎಷ್ಟು ಟ್ರೇಸರ್ ಹೀರಿದೆ ಅನ್ನುವ ನಂಬರ್, 9ರಿಂದ 11ಕ್ಕೆ ಏರಿತ್ತು.

"ನಂಬರ್ ಏರೈತಿ ಅಂದ್ರ ರೋಗ ಏರೈತೇನ್ರಿ?"

"ಕಾಕಾ, ಮಲಪ್ರಭಾ ಕಾಲುವಿ ನೆನಸ್ಕೋರಿ" ಅಂದೆ. ಬಿಟ್ಟ ನೀರು ಅಷ್ಟೇ. ಮೇಲಿನ ಹೊಲದವರು ಜಾಸ್ತಿ ಎಳೆದರೆ ಕೊನೆಯ ಹೊಲಕ್ಕೆ ಕಡಿಮೆ, ಅಲ್ವಾ? ನಾವು ಕೊಡುವ ಟ್ರೇಸರ್ ಕೂಡ ಅಳತೆಯದೇ. ಮೈತುಂಬ ಗಡ್ಡೆ ಇದ್ದರೆ ಅವೇ ಅದನ್ನು ಹೀರುತ್ತವೆ. ಜೊಲ್ಲಿನ ಗ್ರಂಥಿ, ಕಿಡ್ನಿಗಳ ಪಾಲು ಇಳಿಯುತ್ತದೆ. ಇದನ್ನೇ ಟ್ಯೂಮರ್ ಸಿಂಕ್ ಎಫೆಕ್ಟ್ ಅನ್ನುವುದು. ಗಡ್ಡೆಗಳು ಕರಗಿದಾಗ ಉಳಿದದ್ದಕ್ಕೆ ಪಾಲು ಜಾಸ್ತಿ ಸಿಗಬಹುದು.

ಹಾಗಾಗಿ ಮೊದಲು ಗಡ್ಡೆ ನೋಡಬೇಡಿ. ಕಿವಿಯ ಮುಂದಿನ ಪರೋಟಿಡ್ ಗ್ರಂಥಿ ನೋಡಿ, ಕಿಡ್ನಿ ನೋಡಿ. ಹಳೇ ಸ್ಕ್ಯಾನಿನಲ್ಲಿ ಮಂಕಾಗಿದ್ದು ಈಗ ಹೊಳೆಯುತ್ತಿದ್ದರೆ ಪಾಲು ಬದಲಾಗಿರಬಹುದು. ಗಡ್ಡೆಯ ಹೊಳಪನ್ನು ಬೇರೆ ಅಂಗಗಳ ಹೊಳಪಿಗೆ ಹೋಲಿಸುವ ಪ್ರಾಮಿಸ್ ಅಂಕ ಕೊಡುವಾಗಲೂ ಈ ಎಚ್ಚರ ಬೇಕು. ಅಲ್ಲಿ ಪರೋಟಿಡ್‌ನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹೊಳೆದರೆ ಅತಿ ಹೆಚ್ಚಿನ ಅಂಕ, 3. ಪರೋಟಿಡ್ಡೇ ಮಂಕಾಗಿದ್ದರೆ ಗಡ್ಡೆಗೆ ಆ 3 ಸುಲಭವಾಗಿ ಸಿಕ್ಕಿಬಿಡುತ್ತದೆ.

ಆಮೇಲೆ ಒಟ್ಟು ಗಡ್ಡೆಯ ಗಾತ್ರ, ಪಿಎಸ್‌ಎ (ಪ್ರಾಸ್ಟೇಟ್ ರಕ್ತಪರೀಕ್ಷೆ) ನೋಡಿ. ಹೊಸ ಗಡ್ಡೆ ಕಂಡಿದ್ದರೆ ಕಾಲುವೆಯ ಲೆಕ್ಕ ಹೇಳಿ ಸಮಾಧಾನ ಮಾಡಬಾರದು.

ನಮ್ಮ ಕೈಯಲ್ಲಿರುವ ತಪ್ಪುಗಳೂ ಇವೆ. ಎಸ್‌ಯುವಿ ಲೆಕ್ಕದಲ್ಲಿ ತೂಕ ಬರುತ್ತದೆ. ನಾನು ಮೊದಲು ಕೆಲಸ ಮಾಡುತ್ತಿದ್ದಲ್ಲಿ 64 ಕಿಲೋಗೆ ಇಳಿದಿದ್ದ ಒಬ್ಬರಿಗೆ ಹಳೇ ಫಾರಂ ನೋಡಿ 72 ಅಂತ ಹಾಕಿದ್ದರು. ಎಲ್ಲ ನಂಬರೂ ಎಂಟನೇ ಒಂದು ಪಾಲು ಜಾಸ್ತಿ ಬಂದವು. ಅವತ್ತಿನಿಂದ ಪ್ರತಿ ಸಲ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ಗೋಡೆ ಗಡಿಯಾರವನ್ನೂ ಸ್ಕ್ಯಾನರ್ ಗಡಿಯಾರಕ್ಕೆ ಹೊಂದಿಸುತ್ತೇನೆ. ಟ್ರೇಸರಿನಲ್ಲಿರುವ ವಿಕಿರಣ ಧಾತು ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ, ಅಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. 10 ನಿಮಿಷ ವ್ಯತ್ಯಾಸವಾದರೆ ಸುಮಾರು ಶೇ. 10 ತಪ್ಪು. ಇಂಜೆಕ್ಷನ್ ಆಗಿ ಎಷ್ಟು ಹೊತ್ತಿಗೆ ಸ್ಕ್ಯಾನ್ ಮಾಡಿದರು, ಅದೇ ಟ್ರೇಸರ್ ಹೌದಾ, ಇವನ್ನೂ ನೋಡಿ. ಪಿಎಸ್‌ಎಂಎ-1007 ಅನ್ನುವ ಇನ್ನೊಂದು ಟ್ರೇಸರ್ ಲಿವರ್ ಮೂಲಕ ಹೊರಹೋಗುತ್ತದೆ, ಲಿವರ್ ಸಹಜವಾಗೇ ಹೊಳೆಯುತ್ತದೆ. ಅದರ ನಂಬರನ್ನು ಗ್ಯಾಲಿಯಂ ನಂಬರಿನ ಪಕ್ಕ ಇಡಬೇಡಿ.

ಇದೆಲ್ಲ ಬರೀ ಹಾಳೆಯಲ್ಲಿ ಕಾಣುವುದಿಲ್ಲ. ಹಳೇ ಸ್ಕ್ಯಾನಿನ ಸಿಡಿ ತನ್ನಿ. ಕಾಕಾ ಮಗನಿಗೆ ಫೋನ್ ಮಾಡಿದರು. ಸಂಜೆಯ ನರಗುಂದ ಬಸ್ಸಿಗೆ ಸಿಡಿ ಬಂತು. ಹಾಕಿ ನೋಡಿದರೆ ಹಳೇ ಸ್ಕ್ಯಾನಿನಲ್ಲಿ ಪರೋಟಿಡ್ ಕಂಡೂ ಕಾಣದ ಹಾಗಿತ್ತು. ಎರಡೂ ಚಿತ್ರ ಅಕ್ಕಪಕ್ಕ ತೆರೆದಿಟ್ಟು ಡಾಕ್ಟರನ್ನು ಕರೆದೆ.