ಗುಡ್ಡ ಕುಸಿದ ಊರಿನ ಶಾಲೆ ಮತ್ತೆ ತೆರೆದಾಗ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗಲೂ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಚೂರಲ್‌ಮಲ ಕೊಚ್ಚಿಹೋದಾಗಲೂ ಮಕ್ಕಳು ಶಾಲೆಗೆ ಮರಳಿದ್ದು ಮಳೆಗಾಲ ಮುಗಿಯುವ ಮೊದಲೇ. ಪಾಠದ ನಡುವೆ ಚಾವಣಿಯ ಶೀಟಿನ ಮೇಲೆ ಮಳೆ ಬಡಿದರೆ ಏನು ಮಾಡಬೇಕೆಂದು ಶಿಕ್ಷಕರಿಗೆ ಮೊದಲೇ ಗೊತ್ತಿರಬೇಕು.

ಮೊದಲ ದಿನ, ಗಂಟೆ ಹೊಡೆಯುವ ಮುನ್ನ ಹಾಜರಿ ಪುಸ್ತಕ ತೆರೆದು ನೋಡಿ. ತೀರಿಹೋದ ಮಗುವಿನ ಹೆಸರನ್ನು ರೂಢಿಯಂತೆ ಕೂಗಿಬಿಡುವುದೂ ತಪ್ಪು, ಸದ್ದಿಲ್ಲದೆ ಹಾರಿಸುವುದೂ ತಪ್ಪು. ಹಾಜರಿಗೆ ಮುಂಚೆಯೇ ‘ತೀರಿಹೋದಳು, ಇನ್ನು ಬರುವುದಿಲ್ಲ’ ಎಂದು ನೇರವಾಗಿ ತಿಳಿಸಿ. ‘ದೇವರ ಹತ್ತಿರ ಮಲಗಿದ್ದಾಳೆ’ ಎಂದರೆ ಚಿಕ್ಕವರು ನಿದ್ದೆಗೇ ಹೆದರಬಹುದು.

ದಿನದ ವೇಳಾಪಟ್ಟಿ ಬೋರ್ಡಿನ ಮೇಲಿರಲಿ.

ಇನ್ನು ಮಳೆ. ಸದ್ದು ಜೋರಾದ ಕೂಡಲೇ ಪಾಠ ನಿಲ್ಲಿಸಿ. ‘ಏನೂ ಆಗಲ್ಲ’ ಎನ್ನಬೇಡಿ. ಆಗಿದ್ದನ್ನು ಅವರು ಕಂಡಿದ್ದಾರೆ. ನೀರು ಹೆಚ್ಚಿದರೆ ಯಾವ ಬಾಗಿಲಿಂದ ಎಲ್ಲಿಗೆ ಹೋಗುತ್ತೇವೆಂದು ಕೈ ಮಾಡಿ ತೋರಿಸಿ. ಮಕ್ಕಳು ಪಾದಗಳನ್ನು ನೆಲಕ್ಕೆ ಒತ್ತಲಿ. ಕಾಣುವ 5 ವಸ್ತು ಹೆಸರಿಸಲಿ, 4 ವಸ್ತು ಮುಟ್ಟಲಿ. ಗಾಬರಿ ಇಳಿಸುವ ಈ ಅಭ್ಯಾಸದಲ್ಲಿ, ತರಬೇತಿಗಳಲ್ಲಿ ಕಲಿಸುವ ಮುಂದಿನ ಹೆಜ್ಜೆ 3 ಸದ್ದು ಗುರುತಿಸುವುದು. ಇಲ್ಲಿ ಅದನ್ನು ಬಿಟ್ಟುಬಿಡಿ, ಹೆದರಿಸುತ್ತಿರುವುದೇ ಸದ್ದು. 3 ಎಣಿಸುವಷ್ಟು ಉಸಿರು ಒಳಗೆ, 5 ಎಣಿಸುವಷ್ಟು ಹೊರಗೆ. ಕಣ್ಣು ತೆರೆದೇ ಇರಲಿ, ಮುಚ್ಚಿದರೆ ಆ ರಾತ್ರಿಯೇ ಎದುರು ಬರಬಹುದು.

ಯಾರಾದರೂ ಮರಗಟ್ಟಿ ಕುಳಿತರೆ ಎದುರಿನಿಂದ ಬಂದು, ಒಂದು ತೋಳಿನಷ್ಟು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಸರು ಹಿಡಿದು ಕರೆಯಿರಿ. ಹಿಂದಿನಿಂದ ತಬ್ಬುವುದು, ಅಲುಗಾಡಿಸುವುದು ಬೇಡ. ಮುಖಕ್ಕೆ ನೀರು ಚಿಮುಕಿಸುವ ನಮ್ಮ ಹಳೇ ಅಭ್ಯಾಸವಂತೂ ನೀರಿನಿಂದ ಪಾರಾಗಿ ಬಂದ ಮಗುವಿಗೆ ಶಿಕ್ಷೆಯೇ ಸರಿ. ಚೇತರಿಸಿಕೊಂಡ ಮೇಲೆ ‘ಏನು ನೆನಪಾಯ್ತು?’ ಎಂದು ಕೆದಕದೆ, ಬೋರ್ಡ್ ಒರೆಸಲು ಕರೆಯಿರಿ.

‘ನೆರೆಯ ಚಿತ್ರ ಬಿಡಿಸಿ’ ಎಂದು ಎಲ್ಲರಿಗೂ ಹಾಳೆ ಹಂಚುವ ಒಂದು ದಿನದ ಶಿಬಿರಗಳನ್ನು ಗೇಟಿನಲ್ಲೇ ತಡೆಯಿರಿ. ಗಾಯ ಬಿಚ್ಚಿಟ್ಟು ಸಂಜೆ ಬಸ್ಸು ಹತ್ತುವವರಿಗೆ ಮರುದಿನದ ಮಗು ಕಾಣುವುದಿಲ್ಲ. ಮಗು ತಾನಾಗಿ ಬರೆದರೆ ಬರೆಯಲಿ.

ಶಿಕ್ಷಕರ ಮನೆಯೂ ಹೋಗಿರಬಹುದು. ಮೊದಲ ಎರಡು ವಾರ ಒಂದು ತರಗತಿಗೆ ಇಬ್ಬರಿರಲಿ. ಸಿಬ್ಬಂದಿ ಸಾಲದಿದ್ದರೆ ಎರಡು ತರಗತಿ ಕೂಡಿಸಿ. ಒಬ್ಬರ ಗಂಟಲು ಕಟ್ಟಿದರೆ ಇನ್ನೊಬ್ಬರು ಮುಂದುವರಿಸುತ್ತಾರೆ, ಕಾರಣ ಕೇಳುವಂತಿಲ್ಲ. ಶಾಲೆ ಬಿಟ್ಟ ಮೇಲೆ 15 ನಿಮಿಷ ಒಟ್ಟಿಗೆ ಚಹಾ. ಆಗ ಪರಿಹಾರದ ಫಾರಂ ತುಂಬಿಸುವ ಕೆಲಸ ಬೇಡ. ಕುಸಿತದ ವಿಡಿಯೊಗಳು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೂ ಬರಬಾರದು.

ಹಾಸಿಗೆ ಒದ್ದೆ ಮಾಡುವುದು, ನಿದ್ದೆಗೆಡುವುದು, ಮಾತು ಬಿಡುವುದು ಮೊದಲ ವಾರಗಳಲ್ಲಿ ಸಹಜ. ತಿಂಗಳು ಕಳೆದರೂ ಇಳಿಯದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಅದೇ ದಿನ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಶಿಕ್ಷಕರೂ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.