ಹಲಸಿನ ದಾರಂದದಿಂದ ಮೊಬೈಲ್ ಚಾರ್ಜಿಂಗ್ ಡಾಕ್

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ಹಿತ್ತಿಲ ಬಾಗಿಲಿನ ದಾರಂದವನ್ನು ಬದಲಿಸಿದಾಗ, ಬುಡದ ಒಂದಡಿಯಷ್ಟನ್ನು ಗೆದ್ದಲು ತಿಂದಿದ್ದರೂ ಮೇಲ್ಭಾಗದ ಹಲಸಿನ ಮರ ಗಟ್ಟಿಯಾಗಿಯೇ ಉಳಿದಿತ್ತು. ಬಚ್ಚಲೊಲೆಗೆ ಹೋಗಬೇಕಿದ್ದ ಆ ತುಂಡಿನಿಂದ ನಾನು ಮೊಬೈಲ್ ಚಾರ್ಜಿಂಗ್ ಡಾಕ್, ಅಂದರೆ ಫೋನನ್ನು ಕೂರಿಸಿದೊಡನೆ ಚಾರ್ಜಾಗುವ ಪೀಠ, ಮಾಡಿಕೊಂಡೆ. ಮಾಡಿದ್ದು ಎರಡು, ಈಗ ಮೇಜಿನ ಮೇಲಿರುವುದು ಎರಡನೆಯದು.

ಮೊದಲನೆಯದರಲ್ಲಿ ಯಾರಿಗಾದರೂ ಥಟ್ಟನೆ ಹೊಳೆಯುವ ಉಪಾಯವನ್ನೇ ಮಾಡಿದ್ದೆ. ಮರಕ್ಕೆ ತೂತು ಕೊರೆದು, ಕೇಬಲಿನ ತಲೆಯನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತಲೂ ಎಂ-ಸೀಲ್ ಎಂಬ ಅಂಟುಮೇಣ ತುಂಬಿದೆ. ಅದು ಕಲ್ಲಿನಂತೆ ಗಟ್ಟಿಯಾಯಿತು, ಆದರೆ ಫೋನನ್ನು ಎತ್ತಿದಾಗಲೆಲ್ಲ ಡಾಕ್ ಕೂಡ ಅದರೊಂದಿಗೇ ಎದ್ದು ಬರುತ್ತಿತ್ತು. ಯುಎಸ್‌ಬಿ ಸಿ-ಮಾದರಿಯ ಹೊಸ ಪ್ಲಗ್ಗನ್ನು ಹೊರಗೆಳೆಯಲು 8ರಿಂದ 20 ನ್ಯೂಟನ್ ಬಲ ಬೇಕಾಗಬೇಕೆಂದು ಅದರ ಮಾನಕವೇ ಹೇಳುತ್ತದೆ. ಅಂದರೆ ಸರಿಸುಮಾರು 800 ಗ್ರಾಂನಿಂದ 2 ಕಿಲೋ ತೂಕವನ್ನು ಎತ್ತುವಷ್ಟು ಬಲ. ನನ್ನ ಡಾಕ್ 300 ಗ್ರಾಂ ಕೂಡ ಇರಲಿಲ್ಲ. ಹೀಗಾಗಿ ಫೋನನ್ನು ಮುಂದಕ್ಕೆ ಬಾಗಿಸಿ ಕಿತ್ತುಕೊಳ್ಳುವ ಅಭ್ಯಾಸ ಬೆಳೆಯಿತು, ಅಲುಗದ ಪ್ಲಗ್ಗು ಪ್ರತಿ ಸಲವೂ ಫೋನಿನ ಕಿಂಡಿಯನ್ನು ಮೀಟಿತು, ಎರಡೇ ತಿಂಗಳಲ್ಲಿ ಕಿಂಡಿ ಸಡಿಲವಾಗಿ ಫೋನು ರಿಪೇರಿ ಅಂಗಡಿ ಸೇರಿತು. ಪುಕ್ಕಟೆ ಮರದ ಡಾಕಿಗೆ ತೆತ್ತ ಬೆಲೆ ಅದು.

ಎರಡನೆಯದನ್ನು ಮಾಡುವಾಗ ಫೋನನ್ನು ಹಿಡಿದುಕೊಳ್ಳುವುದಕ್ಕಿಂತ ಸುಲಭವಾಗಿ ಬಿಟ್ಟುಕೊಡುವುದು ಹೇಗೆಂಬುದನ್ನೇ ಮುಖ್ಯವಾಗಿ ಯೋಚಿಸಿದೆ. ಮೊದಲು ತೂಕ. 14 ಸೆಂಟಿಮೀಟರ್ ಉದ್ದ, 10 ಅಗಲ, 7 ಎತ್ತರದ ತುಂಡನ್ನು ಕೊಯ್ದು ತೋಪಡ ಹೊಡೆದ ಮೇಲೆ, ಅದರ ತಳದ ಹಿಂಭಾಗದಲ್ಲಿ ಉಳಿಯಿಂದ ಗುಳಿ ತೋಡಿ, ಅಜ್ಜನ ಅಂಗಡಿಯ ತಕ್ಕಡಿಯೊಂದಿಗೆ ಅಟ್ಟದಲ್ಲಿ ಬಿದ್ದಿದ್ದ ಒಂದು ಕಿಲೋದ ಕಬ್ಬಿಣದ ತೂಕದ ಬಟ್ಟನ್ನು ಅದರೊಳಗೆ ಕೂರಿಸಿದೆ. ಮರವೂ ಸೇರಿ ತೂಕ ಒಂದೂವರೆ ಕಿಲೋದ ಹತ್ತಿರ ಬಂತು. ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ್ದರಿಂದ ಮೇಜಿನ ಮೇಲೆ ಜಾರುವುದಿಲ್ಲ.

ಫೋನು 15 ಡಿಗ್ರಿಯಷ್ಟು ಹಿಂದಕ್ಕೆ ಒರಗಿದರೆ ಕುಳಿತಲ್ಲಿಂದಲೇ ಪರದೆ ಕಾಣುತ್ತದೆ. ಬೈರಿಗೆಯನ್ನು ಓರೆಯಾಗಿ ಹಿಡಿದು ಕೊರೆಯಲು ಹೋಗಿ ನಾನು ಒಂದು ತುಂಡನ್ನು ಹಾಳುಮಾಡಿದ ಮೇಲೆ ತಿಳಿದದ್ದೇನೆಂದರೆ, ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕದಿಂದ ಗೆರೆ ಎಳೆದು ಫೋನು ಕೂರುವ ಜಾಗವನ್ನೇ ಹಿಂದಕ್ಕೆ ಇಳಿಜಾರಾಗಿ ಕೊಯ್ದುಕೊಂಡು, ಆ ಇಳಿಜಾರಿಗೆ ನೇರವಾಗಿ ಕೊರೆದರೆ ಕೋನ ತಾನಾಗಿಯೇ ಸರಿಹೋಗುತ್ತದೆ.

ಇನ್ನು ಪ್ಲಗ್ಗಿನ ಅಲುಗಾಟ. ಅದಕ್ಕೆ ಒದಗಿದ್ದು ಸವೆದ ಹವಾಯಿ ಚಪ್ಪಲಿ. ಅದರ ಅಟ್ಟೆಯಿಂದ ಬಿರಡೆಯಂತೆ ದುಂಡಗಿನ ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ನಡುವೆ ಸೀಳಿ, ಕೇಬಲಿನ ತಲೆಯನ್ನು ಆ ಸೀಳಿನಲ್ಲಿ ಬಿಗಿಯಾಗಿ ತೂರಿಸಿ, ಇಡೀ ಬಿರಡೆಯನ್ನು ಮರದ ತೂತಿನೊಳಕ್ಕೆ ಒತ್ತಿದೆ. ತಲೆ ಕೆಳಕ್ಕೆ ಕುಸಿಯದಂತೆ ಅಡಿಯಲ್ಲಿ ಕೇಬಲ್ ಮಾತ್ರ ಹಾಯುವಷ್ಟು ಕಚ್ಚು ಇರುವ ತೆಳು ಹಲಗೆಚೂರು ಇದೆ. ಫೋನಿನೊಂದಿಗೆ ಮೇಲಕ್ಕೆ ಎದ್ದು ಬರದಂತೆ ಮೇಲೆ ಅವಧಿ ಮುಗಿದ ಎಟಿಎಂ ಕಾರ್ಡಿನ ತುಂಡನ್ನು ಎರಡು ಸ್ಕ್ರೂಗಳಿಂದ ಬಿಗಿದಿದ್ದೇನೆ. ಕಾರ್ಡಿನ ದಪ್ಪ 0.76 ಮಿಲಿಮೀಟರ್ ಮಾತ್ರ, ಆದ್ದರಿಂದ ಸುಮಾರು 6.5 ಮಿಲಿಮೀಟರ್ ಉದ್ದದ ಪ್ಲಗ್ಗಿನ ಲೋಹದ ಮೂತಿಯಲ್ಲಿ ಹೆಚ್ಚೇನೂ ನಷ್ಟವಾಗುವುದಿಲ್ಲ. ಆದರೂ ನನ್ನ ತಮ್ಮನ ಫೋನಿನ ದಪ್ಪ ಕವಚವನ್ನು ಬಿಚ್ಚದೆ ಇದರಲ್ಲಿ ಕೂರಿಸಲಾಗದು. ಕಾರ್ಡಿನ ಕಿಂಡಿಯನ್ನು ಮೂತಿಗಿಂತ ತುಸು ಅಗಲವಾಗಿಯೇ ಕತ್ತರಿಸಿದ್ದೇನೆ. ಈಗ ಫೋನು ಬಾಗಿದರೆ ಪ್ಲಗ್ಗೂ ಅದರ ಜೊತೆಗೆ ಬಾಗುತ್ತದೆ. ಕೇಬಲಿಗೆ ಎಲ್ಲಿಯೂ ಅಂಟಿಲ್ಲದ ಕಾರಣ, ಅದು ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿ ಹೊಸದನ್ನು ಹಾಕಬಹುದು.

ಮೊದಲ ಡಾಕಿನ ಒರಗುಹಲಗೆ ಫೋನಿನಷ್ಟೇ ಅಗಲವಿತ್ತು. ಮರ ಶಾಖವನ್ನು ಅಷ್ಟಾಗಿ ಸಾಗಿಸದು. ಚಾರ್ಜಾಗುವ ಫೋನಿನ ಬೆನ್ನಿಗೆ ಅದು ಕಂಬಳಿ ಹೊದಿಸಿದಂತೆ, ಬಿಸಿಯಾದಷ್ಟೂ ಲಿಥಿಯಂ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ. ಈಗ ಬರೀ ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಇದೆ.

ಮೆರುಗಿಗೆ ಮೊದಲು ನೆನಪಾದದ್ದು ಗೇರೆಣ್ಣೆ. ಗೆದ್ದಲಿಗೆ ಅದೇ ಸರಿ, ಆದರೆ ಚರ್ಮವನ್ನು ಸುಡುವ ಅದನ್ನು ದಿನವೂ ಕೈ ತಾಗುವ ವಸ್ತುವಿಗೆ ಹಚ್ಚಬಾರದು. ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ ವಾರ ಒಣಗಿಸಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹಾಗಾಗಿ ಅದನ್ನು ಬೇಲಿಯ ಮೇಲೆ ಹರವಿ ಒಣಗಿಸಿದೆ.

230 ವೋಲ್ಟಿನ ಅಡಾಪ್ಟರನ್ನು ಬಿಚ್ಚಿ ಮರದೊಳಗೆ ಅಡಗಿಸುವ ಆಸೆ ನನಗೂ ಇತ್ತು. ಮಾಡಲಿಲ್ಲ. ಅದು ಗೋಡೆಯ ಸಾಕೆಟ್ಟಿನಲ್ಲಿಯೇ, ಅಮ್ಮನ ಕೈಗೆ ಎಟುಕುವಲ್ಲಿ ಇದೆ. ಗುಡ್ಡದಾಚೆ ಗುಡುಗು ಕೇಳಿದರೆ ಅವರು ಟೀವಿಗಿಂತ ಮೊದಲು ಅದನ್ನೇ ಕಿತ್ತಿಡುತ್ತಾರೆ.